ಅಮ್ಮಿಕಲ್ಲಿಗೆ ಹಚ್ಚಿದ ಅರಿಶಿನ

1987ನೆಯ ಇಸವಿ, ನನಗೆ ಆಗ ಹನ್ನೊಂದು ವರ್ಷ. ನಂತೂರಿನಲ್ಲಿ ಲಾರಿಗಳ ಸದ್ದು ಇನ್ನೂ ಮನೆಯೊಳಗೆ ನುಗ್ಗದಿದ್ದ ಆ ದಿನಗಳಲ್ಲಿ, ನಮ್ಮ ಹಿತ್ತಿಲಿನಲ್ಲೊಂದು ಕಾಟುಮಾವಿನ ಮರವಿತ್ತು. ಅದರ ಬುಡದಲ್ಲಿ ನಮ್ಮ ಲಗೋರಿ ನಡೆಯುತ್ತಿತ್ತು. ಮನೆಯ ಮುಂದಿನ ಅಂಗಳದಲ್ಲಿ ಅಜ್ಜಿ, ಅಮ್ಮನ ತಾಯಿ, ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಅರೆ ಒಣಗಿದ ಹಪ್ಪಳವನ್ನು ಕದ್ದು ತಿನ್ನುವುದು ಬೇಸಿಗೆ ರಜೆಯ ನಿತ್ಯವಿಧಿಯಾಗಿತ್ತು.

ಆ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಪತ್ರ ಬಂತು. ಬೈಕಂಪಾಡಿಯಲ್ಲಿದ್ದ ಅಪ್ಪನ ವರ್ಕ್‌ಶಾಪ್ ಮುಚ್ಚಿಹೋಗಿತ್ತು. ಅದಕ್ಕಾಗಿ ಅಡವಿಟ್ಟಿದ್ದ ಮನೆ, ಹಿತ್ತಿಲು ಎರಡನ್ನೂ, ಜೂನ್ ಮುಗಿಯುವುದರೊಳಗೆ ಸಾಲ ತೀರದಿದ್ದರೆ, ಏಲಂ ಹಾಕುವುದಾಗಿ ಬರೆದಿತ್ತು. ಅಪ್ಪ ಓದಿ, ಮಡಚಿ, ಅರ್ಧ ಊಟದಲ್ಲಿ ಎದ್ದರು.

ನಮ್ಮನ್ನು ಕಾಪಾಡಲು ಹೊರಟವನು ಅಮ್ಮನ ತಮ್ಮ ಸದಾಶಿವ ಮಾವ. ಅಜ್ಜಿ ಮಸಾಲೆ ಅರೆಯುತ್ತಿದ್ದ, ಒಡೆದು ಬಚ್ಚಲಿನ ಹಿಂದೆ ಬಿದ್ದಿದ್ದ ಅಮ್ಮಿಕಲ್ಲನ್ನು ಮಾವನೂ ನಾನೂ ಹೊತ್ತು ತಂದು ಮರದ ಬುಡದಲ್ಲಿ ನಿಲ್ಲಿಸಿದೆವು. ಅರಿಶಿನ ಹಚ್ಚಿದವನು ನಾನು.

“ಎಂತಕ್ಕೆ ಮಾವ?”

“ನಾಗನ ಜಾಗ ಅಂತಾದರೆ ಏಲಂ ಕೂಗ್ಲಿಕ್ಕೆ ಯಾರಿಗೆ ಧೈರ್ಯ ಉಂಟು ಮಾರಾಯ? ಬಾಯಿ ಮುಚ್ಚು, ಹಚ್ಚು.”

ಉಪಾಯ ಫಲಿಸಿತು. ಏಲಂಗೆ ಮೊದಲೇ ಜಾಗ ನೋಡಲು ಬಂದ ಇಬ್ಬರು ಕಲ್ಲನ್ನು ಕಂಡೊಡನೆ ಕೈಮುಗಿದು ಹಿಂದಿರುಗಿದರು. ಮೊಣಕಾಲು ನೋವಿನಿಂದ ಹಿತ್ತಿಲಿಗೆ ಇಳಿಯದ ಅಜ್ಜಿಗೂ, ಬೆಳಗಾದರೆ ಹಣಕ್ಕಾಗಿ ಅಲೆಯುತ್ತಿದ್ದ ಅಪ್ಪನಿಗೂ ಇದರ ಸುಳಿವಿರಲಿಲ್ಲ. ಅಮ್ಮ ಕಂಡೂ ಕಾಣದಂತಿದ್ದರು.

ಮೇ ತಿಂಗಳಲ್ಲಿ ಬ್ಯಾಂಕಿನ ಮ್ಯಾನೇಜರರೇ ಅಪ್ಪನಿಗೊಂದು ದಾರಿ ತೋರಿಸಿದರು: ಹಿತ್ತಿಲನ್ನು ಮಾತ್ರ ನೀವೇ ಮಾರಿ ಸಾಲ ತೀರಿಸಿದರೆ ಮನೆ ಉಳಿಯುತ್ತದೆ. ಬಂದರಿನ ಕೊಬ್ಬರಿ ವ್ಯಾಪಾರಿ ಸಂಜೀವಣ್ಣ ಕೊಳ್ಳಲು ಒಪ್ಪಿದರು. ಅವರನ್ನು ಅಪ್ಪ ಸಂತೋಷದಿಂದಲೇ ಹಿತ್ತಿಲಿಗೆ ಕರೆತಂದರು. ಸಂಜೀವಣ್ಣ ಮರದ ಬುಡ ನೋಡಿದರು, ಚಪ್ಪಲಿ ಕಳಚಿದರು, ಎರಡು ಹೆಜ್ಜೆ ಹಿಂದೆ ಸರಿದರು.

“ನಾಗ ಇರುವ ಜಾಗ ನಮಗೆ ಬೇಡ. ನೀವು ಮೊದಲೇ ಹೇಳ್ಬೇಕಿತ್ತು.”

ಅಪ್ಪ ಕಲ್ಲನ್ನು ನೋಡಿ ಮಾವನತ್ತ ತಿರುಗಿದರು. ಮಾವ ಮರದ ಮೇಲಿನ ಕಾಯಿಗಳನ್ನು ನೋಡುತ್ತ ನಿಂತಿದ್ದ. ನನಗೆ ತಡೆಯಲಾಗಲಿಲ್ಲ.

“ಅದು ನಾಗ ಅಲ್ಲ, ಅಜ್ಜಿಯ ಅಮ್ಮಿಕಲ್ಲು. ಅರಿಶಿನ ಹಚ್ಚಿದ್ದು ನಾನು.”

ಬಂದವರಿಗೆಂದು ಬೆಲ್ಲ, ನೀರು ಹಿಡಿದು ಕುಂಟುತ್ತ ಬಂದ ಅಜ್ಜಿ ಅಲ್ಲಿಯೇ ನಿಂತರು. ತಟ್ಟೆಯನ್ನು ನನ್ನ ಕೈಗಿತ್ತು, ಬಗ್ಗಿ, ಕಲ್ಲನ್ನು ಹೊರಳಿಸಿದರು.

“ಮೂವತ್ತು ವರ್ಷ ಇದರಲ್ಲಿ ಬಂಗುಡೆ ಮೀನಿಗೆ ಮಸಾಲೆ ಅರೆದಿದ್ದೇನೆ ಸಂಜೀವಣ್ಣ, ಬೇಕಾದರೆ ಮೂಸಿ ನೋಡಿ,” ಎಂದವರು ಮಗನತ್ತ ತಿರುಗಿದರು. “ಸದಾ, ನಿನ್ನ ಮಂಡೆ ಸಮ ಉಂಟಾ? ದೇವರ ಹೆಸರಲ್ಲಿ ಸುಳ್ಳು ಹೇಳಿ ಮನೆ ಉಳಿಸುವುದಾ?”

ಸಂಜೀವಣ್ಣ ನನ್ನ ತಟ್ಟೆಯಿಂದ ಬೆಲ್ಲದ ತುಂಡೊಂದನ್ನು ಬಾಯಿಗಿಟ್ಟು ನೀರು ಕುಡಿದರು.

“ಕಲ್ಲನ್ನು ನೀವೇ ಇಟ್ಕೊಳ್ಳಿ ಅಮ್ಮ. ಜಾಗ ನಾನು ತಕೊಳ್ತೇನೆ.”

ಆ ದಿನ ಅಪ್ಪ ನನಗೆ ಹೊಡೆಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹಪ್ಪಳ ಮುರಿದುಕೊಟ್ಟರು.

ಮನೆ ಇಂದಿಗೂ ನಮ್ಮದೇ. ಕಾಟುಮಾವಿನ ಮರ ಹೋಯಿತು. ಈಗ ಅಡುಗೆಮನೆಯ ಕಿಟಕಿ ತೆರೆದರೆ ಮೂರಂತಸ್ತಿನ ಕಟ್ಟಡದ ಗೋಡೆ. ಅಜ್ಜಿಯೂ ಮಾವನೂ ಇಲ್ಲ. ತೊಳೆದು ಒಳಗೆ ತಂದ ಅಮ್ಮಿಕಲ್ಲು ಬಚ್ಚಲ ಬಾಗಿಲಿಗೆ ಆನಿಕೊಂಡಿದೆ; ಅದರಲ್ಲಿ ಅರೆಯುವವರಿಲ್ಲ. ಮಾವಿನ ಸೊನೆಯ ವಾಸನೆಯನ್ನು ನನ್ನ ಮಕ್ಕಳಿಗೆ ಹೇಗೆ ವಿವರಿಸಿದರೂ ಸಾಲದು. ಅಡವಿಟ್ಟಿದ್ದ ಮನೆಯ ಪತ್ರಗಳನ್ನು ಬ್ಯಾಂಕಿನಿಂದ ಬಿಡಿಸಿ ತಂದ ಅಪ್ಪ, ಅವುಗಳನ್ನು ಅಜ್ಜಿಯ ಮಡಿಲಲ್ಲಿಟ್ಟದ್ದು 1987ರ ಜೂನ್ 19, ಶುಕ್ರವಾರ.