ನಾಲ್ಕನೇ ಸ್ಲೈಡ್

ಪೆಥಾಲಜಿ ಎಂ.ಡಿ. ಓದುವಾಗ ಮೂರು ತಿಂಗಳು ಊರ ಕಡೆಯ ಆಸ್ಪತ್ರೆಗೆ ಹಾಕುತ್ತಾರೆ. ಕಲಿತ ಒಂದೊಂದು ಕೆಲಸಕ್ಕೂ ಲಾಗ್‌ಬುಕ್ಕಿನಲ್ಲಿ ಕಾಲೇಜಿನ ಗೈಡ್ ಸಹಿ ಬೇಕು. ನಾನು ಬಿದ್ದದ್ದು ಶಹಾಬಾದ್ ಕಡೆ. ಅಲ್ಲಿ ಬೆರಳು ಚುಚ್ಚಿ ತೆಗೆದ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಹರಡಲು ಹೋಗಿ ನಾನೆಳೆದ ಮೂರು ಸ್ಲೈಡನ್ನೂ ಹಳೇ ಟೆಕ್ನಿಷಿಯನ್ ಬಸಣ್ಣ ಬೆಳಕಿಗೆ ಹಿಡಿದು ಪಕ್ಕಕ್ಕಿಟ್ಟರು.

"ಭಾಳ ದಪ್ಪ ಆಗ್ಯಾವ್ರಿ ಮೇಡಂ. ಇದ್ರಾಗ ಮಲೇರಿಯಾ ಇದ್ರೂ ಕಾಣಂಗಿಲ್ಲ."

ಜ್ವರ ಅಂತ ಭಂಕೂರಿನಿಂದ ಬಂದಿದ್ದ ಹೆಣ್ಣುಮಗಳು ಕೈ ಚಾಚಿ, "ಇನ್ನೊಂದು ಬಟ್ಟು ಕೊಡ್ಲೇನ್ರಿ?" ಎಂದಳು.

ನನಗೆ ರೇಗಿತು. ಲಾಗ್‌ಬುಕ್ ತೆಗೆದು ತೋರಿಸಿದೆ. 'ಸ್ಲೈಡ್ ಎಳೆಯುವುದು: ಸ್ವತಂತ್ರವಾಗಿ ಮಾಡಬಲ್ಲರು.' ನಾನು ಹೊರಡುವ ಮೊದಲೇ ಗೈಡ್ ಎಲ್ಲ ಪುಟಕ್ಕೂ ಸಹಿ ಹಾಕಿ ಮುಗಿಸಿದ್ದರು.

ಬಸಣ್ಣ ನಿಧಾನಕ್ಕೆ ಓದಿದರು. "ಸಹಿ ಛಂದ ಅದರಿ. ಈಗ ಸ್ಲೈಡ್ ಮಾಡ್ರಿ."

ಅವರು ತೋರಿಸಿಕೊಟ್ಟ ಹಾಗೆ ಎಳೆದಾಗ ನಾಲ್ಕನೆಯದು ಸರಿಯಾಗಿ ಬಂತು. ಕಲಿಸಿದವರಿಗೆ ಮಾತ್ರ ಆ ಪುಸ್ತಕದಲ್ಲಿ ಸಹಿ ಹಾಕುವ ಹಕ್ಕಿಲ್ಲ.