ಸಣ್ಣಪ್ಪನವರ ಹನ್ನೊಂದು ನಿಮಿಷ

೧೯೬೪ರ ಮಳೆಗಾಲದಲ್ಲಿ ನಾನು ಹಾಸನದಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ ಎಂದರೆ ಇಂದಿಗೂ ಯಾರೂ ನಂಬುವುದಿಲ್ಲ. ಹಾಸನದಲ್ಲಿ ಆಗ ವಿಮಾನ ನಿಲ್ದಾಣ ಎಲ್ಲಿತ್ತು ಎಂದು ಕೇಳುತ್ತಾರೆ. ನಿಜ, ಇರಲಿಲ್ಲ. ಇದ್ದದ್ದು ಹೊಳೆನರಸೀಪುರದ ರಸ್ತೆಯ ಪಕ್ಕದ ಗೋಮಾಳ, ಒಂದು ಡೇರೆ, ಬ್ಯಾಟರಿಯ ರೇಡಿಯೋ ಸೆಟ್ಟು, ಗಾಳಿಯ ದಿಕ್ಕು ತೋರಿಸಲು ಬಿದಿರಿನ ಕಂಬಕ್ಕೆ ಕಟ್ಟಿದ ಗಾಳಿಚೀಲ. ಆ ವರ್ಷ ಆಲೂಗೆಡ್ಡೆಗೆ ಅಂಗಮಾರಿ ರೋಗ ಬಿದ್ದು, ಮೇಲಿನಿಂದ ಔಷಧಿ ಹೊಡೆಯಲು ಒಂದು ಪುಟ್ಟ ವಿಮಾನವನ್ನು ಬಾಡಿಗೆಗೆ ತರಿಸಿದ್ದರು. ಒಂದೇ ವಿಮಾನ, ಒಬ್ಬನೇ ಪೈಲಟ್, ಒಬ್ಬನೇ ಕಂಟ್ರೋಲರ್. ಆಕಾಶದಲ್ಲಿ ಇನ್ನೊಂದು ವಿಮಾನವೇ ಇಲ್ಲದ ಕಡೆ ಡಿಕ್ಕಿಯ ಭಯದಿಂದ ನಿದ್ದೆಗೆಟ್ಟ ಕಂಟ್ರೋಲರ್ ದೇಶದಲ್ಲಿ ನಾನೊಬ್ಬನೇ ಇರಬೇಕು.

ಪೈಲಟ್ ಕ್ಯಾಪ್ಟನ್ ಸಣ್ಣಪ್ಪ, ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯವರು, ಒಕ್ಕಲು ಮನೆತನ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರಿಂದ ಅಕ್ಕ ಪುಟ್ಟಮ್ಮನವರೇ ತಮ್ಮ ಗಂಡನ ಮನೆಯಲ್ಲಿಟ್ಟುಕೊಂಡು ಸಾಕಿ ಓದಿಸಿದ್ದರು. ರೇಡಿಯೋದಲ್ಲಿ ಇಂಗ್ಲಿಷಿನಲ್ಲೇ, ಗೊತ್ತುಮಾಡಿದ ಪದಗಳಲ್ಲೇ ಮಾತಾಡಬೇಕು ಎಂಬುದು ನಿಯಮ. ಸಣ್ಣಪ್ಪನವರು ಆ ನಿಯಮವನ್ನು ಮೊದಲ ದಿನವೇ ಗೋಮಾಳದಲ್ಲಿ ಬಿಟ್ಟು ಮೇಲೆ ಹಾರಿದರು.

ನನಗೆ ಒಂದು ಚಟ. ಅವರು ಮಾತಿಗೆ ಸಿಕ್ಕಾಗಲೆಲ್ಲ, ಟ್ಯಾಂಕು ತುಂಬಿಸಿದ್ದನ್ನು ಕಣ್ಣಾರೆ ಕಂಡಿದ್ದರೂ, ಪೆಟ್ರೋಲ್ ಎಷ್ಟಿದೆ ಎಂದು ಕೇಳುತ್ತಿದ್ದೆ.

“ಮದ್ರಾಸ್‌ಗೆ ಓಗಿ ಕಾಫಿ ಕುಡ್ಕಂಡು ಬರೋ ಅಷ್ಟು ಐತೆ ಸಾಮಿ. ನಿಮಗೂ ಒಂದ್ ಲೋಟ ತರ್ಲಾ?”

ಒಮ್ಮೆ ರನ್‌ವೇ ಮೇಲೆ ಎಮ್ಮೆ ನಿಂತಿದೆ, ಒಂದು ಸುತ್ತು ಹಾಕಿ ಬನ್ನಿ ಎಂದೆ. ರೇಡಿಯೋ ಗೊರಗುಟ್ಟಿತು. ಆಮೇಲೆ ಬಂತು: “ಯಾವೂರ್ ಎಮ್ಮೆ ಸಾಮಿ? ನಮ್ಮ ಚನ್ರಾಯ್‌ಪಟ್ಣದ್ದಾದ್ರೆ ತಾನೇ ಪಕ್ಕಕ್ಕೆ ಓಯ್ತದೆ. ನಿಮ್ಮ ಒಳೆನರಸೀಪುರದ್ದಾದ್ರೆ ಅರ್ಜಿ ಬರ್ಕೊಡೋಗಂಟ ಜಗ್ಗಾಕಿಲ್ಲ.”

ನಾನು ಹೊಳೆನರಸೀಪುರದವನು. ಉತ್ತರವಾಗಿ ಗಾಳಿಯ ದಿಕ್ಕನ್ನೂ ವೇಗವನ್ನೂ ಹೇಳಿದೆ. ಎರಡು ತಿಂಗಳಲ್ಲಿ ಅವರ ಒಂದು ತಮಾಷೆಗೂ ನಾನು ತಮಾಷೆಯಲ್ಲಿ ಉತ್ತರ ಕೊಟ್ಟವನಲ್ಲ. ಲಾಗ್ ಪುಸ್ತಕದಲ್ಲಿ ‘ಅನಗತ್ಯ ಸಂಭಾಷಣೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಅವರು ಮತ್ತೆ ಯಾವಾಗ ಮಾತಾಡುತ್ತಾರೋ ಎಂದು ಕಾಯುತ್ತಲೂ ಇದ್ದೆ. ಅದನ್ನು ಮಾತ್ರ ಲಾಗ್‌ನಲ್ಲಿ ಬರೆಯಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಪುಟ್ಟಮ್ಮನವರ ಗಂಡ, ಅಂದರೆ ಸಣ್ಣಪ್ಪನವರ ಭಾವ, ಬಸ್ಸಿಳಿದು ಡೇರೆಗೆ ಬಂದರು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡೇ ನಿಂತರು. ಬೆಳಗಿನ ಜಾವ ಹಾಲು ಕರೆಯಲು ಕೂತ ಪುಟ್ಟಮ್ಮ ಅಲ್ಲೇ ಕುಸಿದು ತೀರಿಕೊಂಡಿದ್ದರು. ಮಧ್ಯಾಹ್ನದವರೆಗೆ ಮಣ್ಣು ಮಾಡುವುದನ್ನು ತಡೆದಿದ್ದೇವೆ, ತಮ್ಮ ಬಂದು ಮುಖ ನೋಡಲಿ ಎಂದರು.

ಸಣ್ಣಪ್ಪನವರು ಆಗ ಹೊಳೆನರಸೀಪುರದ ಕಡೆ ಹೊಲಗಳ ಮೇಲೆ ಹತ್ತಡಿ ಎತ್ತರದಲ್ಲಿದ್ದರು. ಅಷ್ಟು ತಗ್ಗಿನಲ್ಲಿ ರೇಡಿಯೋ ಹಿಡಿಯದು. ಔಷಧಿ ಮುಗಿಸಿ ಮೇಲೆದ್ದ ಮೇಲೆಯೇ ಮಾತು. ಅಲ್ಲಿಂದ ನಮ್ಮ ಗೋಮಾಳಕ್ಕೆ ಹನ್ನೊಂದು ನಿಮಿಷದ ದಾರಿ. ಇಳಿಯುವ ಕಡೆ ರಸ್ತೆಯ ತಂತಿಕಂಬಗಳು. ಅವುಗಳ ನೆತ್ತಿ ಸವರಿಕೊಂಡು ಬಂದು, ಕೂಡಲೇ ನೆಲ ಮುಟ್ಟಬೇಕು. ಕಣ್ಣಲ್ಲಿ ನೀರಿಟ್ಟುಕೊಂಡು ಇಳಿಯುವ ಜಾಗವಲ್ಲ ಅದು.

“ಅದ್ರಾಗೆ ನಾನೇ ಯೋಳ್ತೀನಿ, ಕೊಡಿ ಸಾ,” ಎಂದು ಭಾವ ಮೈಕಿಗೆ ಕೈ ಚಾಚಿದರು.

ಕೊಡಲಿಲ್ಲ. ಇಳಿದ ಮೇಲೆ ನೀವೇ ಹೇಳಿ, ಅಲ್ಲಿಯವರೆಗೆ ಅವರಿಗೆ ಗೊತ್ತಾಗಬಾರದು ಎಂದೆ. ಅವರು ಒಪ್ಪಿ ಔಷಧಿಯ ಡ್ರಮ್ಮಿನ ಮೇಲೆ ಕೂತರು. ನಾನು ಎರಡು ಸಲ ನೀರು ಕುಡಿದೆ. ದನಿ ನಡುಗಿದರೆ ಸಿಕ್ಕಿಬೀಳುತ್ತೇನೆ, ಆದ್ದರಿಂದ ಗೆಲುವಾಗಿ ಮಾತಾಡಬೇಕು ಎಂದು ನಿಶ್ಚಯಿಸಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಯೋಚಿಸಿ ಮಾಡಿದ ಮೂರ್ಖತನ ಇನ್ನೊಂದಿಲ್ಲ.

ಹತ್ತೂವರೆಗೆ ರೇಡಿಯೋ ಗೊರಗುಟ್ಟಿತು.

“ಸಾಮಿ, ಮುಗೀತು, ಬತ್ತಾ ಇವ್ನಿ. ಯಾಕೆ, ಇವತ್ತು ಪೆಟ್ರೋಲ್ ಕೇಳಾಕಿಲ್ವಾ?”

“ಕೇಳೋದಿಲ್ಲ,” ಎಂದೆ. “ಹಾಗೇ ಮದ್ರಾಸಿಗೆ ಹೋಗಿ ನನಗೂ ಒಂದು ಲೋಟ ಕಾಫಿ ತಂದುಬಿಡಿ.” ಹೇಳಿ ನಕ್ಕೆ ಕೂಡ.

ಆ ಕಡೆಯಿಂದ ಏನೂ ಬರಲಿಲ್ಲ. ಸೆಟ್ಟು ಕೆಟ್ಟಿತೇನೋ ಎಂದು ಗುಂಡಿ ತಿರುವಿದೆ. ಕೆಟ್ಟಿರಲಿಲ್ಲ.

“ಸಾಮಿ,” ಎಂದರು ಸಣ್ಣಪ್ಪ, ಬಹಳ ಮೆಲ್ಲಗೆ. “ಯಾರು?”

ನಾನು ಮೈಕಿನ ಗುಂಡಿ ಒತ್ತಿ, ಬಿಟ್ಟೆ. ಭಾವ ಡ್ರಮ್ಮಿನಿಂದೆದ್ದು ನನ್ನ ಮುಖವನ್ನೇ ನೋಡುತ್ತಿದ್ದರು.

“ಬ್ಯಾಡ, ಈಗ ಯೋಳ್ಬ್ಯಾಡಿ. ಇಳಿಯೋಗಂಟ ಯೋಳ್ಬ್ಯಾಡಿ. ಗಾಳಿ ಯೋಳಿ,” ಎಂದರು ಸಣ್ಣಪ್ಪನವರೇ.

ಗಾಳಿ ಹೇಳಿದೆ. ಅವರು ಅದನ್ನು ಇಂಗ್ಲಿಷಿನಲ್ಲಿ, ನಿಯಮದಂತೆ, ಪದಕ್ಕೆ ಪದ ತಿರುಗಿ ಹೇಳಿದರು. ಹನ್ನೊಂದು ನಿಮಿಷ ಕಳೆಯಿತು. ತಂತಿಗಳ ಮೇಲೆ ಬಂದು, ಒಂದು ಕುಲುಕಾಟವೂ ಇಲ್ಲದೆ ಇಳಿದರು. ಎಂಜಿನ್ ನಿಂತಿತು. ಅವರು ಮಾತ್ರ ಕೆಳಗಿಳಿಯಲಿಲ್ಲ, ಕೂತಲ್ಲಿಂದಲೇ ಡೇರೆಯ ಕಡೆ ನೋಡಿದರು. ಟವೆಲ್ಲು ಹಿಡಿದುಕೊಂಡು ನಡೆದು ಬರುತ್ತಿದ್ದ ಭಾವನನ್ನು ಕಂಡರು. ಅಕ್ಕನಿಲ್ಲದೆ ಭಾವ ಒಬ್ಬರೇ ಬಂದಿದ್ದಾರೆ ಎಂದರೆ ಹೋದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ಕೈಗವಸು ಬಿಚ್ಚಿ, ಅದನ್ನು ಮುಖಕ್ಕೆ ಒತ್ತಿಕೊಂಡರು. ಕೃಷಿ ಇಲಾಖೆಯ ಜೀಪಿನಲ್ಲಿ ಇಬ್ಬರನ್ನೂ ಕಳುಹಿಸಿಕೊಟ್ಟೆ.

ನಾಲ್ಕನೆಯ ದಿನ ಸಣ್ಣಪ್ಪನವರು ಕೆಲಸಕ್ಕೆ ಬಂದರು. ಅಲ್ಲಿಂದ ಮುಂದೆ ಮೂರು ವಾರ ರೇಡಿಯೋದಲ್ಲಿ ಇಂಗ್ಲಿಷೇ. ಗಾಳಿ, ಎತ್ತರ, ಪೆಟ್ರೋಲು ಎಷ್ಟು ಗ್ಯಾಲನ್, ನಾನು ಕೇಳುವ ಮೊದಲೇ. ತಪಾಸಣೆಗೆ ಬಂದ ಮೇಲಧಿಕಾರಿ ಲಾಗ್ ಪುಸ್ತಕ ತಿರುವಿ, ಈಚೆಗೆ ಶಿಸ್ತು ಚೆನ್ನಾಗಿದೆ ಎಂದು ಷರಾ ಬರೆದು ಹೋದರು.

ಡೇರೆ ಬಿಚ್ಚುವ ದಿನ, ಗೂಟ ಕೀಳುತ್ತಿದ್ದವರ ಪಕ್ಕದಲ್ಲಿ ನಿಂತು ಸಣ್ಣಪ್ಪನವರ ಕ್ಷಮೆ ಕೇಳಿದೆ. ನಿಮ್ಮ ಜೀವಕ್ಕೆ ಅಪಾಯವಾದೀತೆಂದು ಮುಚ್ಚಿಟ್ಟೆ, ಅದೂ ನೆಟ್ಟಗೆ ಬರಲಿಲ್ಲ ಎಂದೆ. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ.

“ಅಂಗಲ್ಲ ಸಾಮಿ,” ಎಂದರು. “ನೀವು ನಕ್ಕಿದ್ ಕೂಡ್ಲೆ ಯಾರೋ ಓದ್ರು ಅಂತ ಗೊತ್ತಾಯ್ತು. ಯಾರು ಅಂತ ಗೊತ್ತಾಗ್ನಿಲ್ಲ. ನಾನೇ ಯೋಳ್ಬ್ಯಾಡಿ ಅಂದೆ, ತಪ್ಪು ನಂದೂ ಐತೆ. ಆ ಅನ್ನೊಂದು ನಿಮಿಷ ಎಂಡ್ತಿ, ಮಗಳು, ಅಪ್ಪ, ಅಕ್ಕ, ಭಾವ, ಒಬ್ಬೊಬ್ರನ್ನೇ ಸಾಯ್ಸ್‌ಕಂಡ್ ಬಂದೆ.”

ಆಮೇಲೆ ಬೆಂಗಳೂರಿನ ಟವರಿನಲ್ಲಿ ಇಪ್ಪತ್ತು ವರ್ಷ ಕೂತೆ. ಈಗ ಹೊಸಬರಿಗೆ ಪಾಠ ಹೇಳುವ ಕೆಲಸ. ಮೇಲಿರುವವನಿಗೆ ಕೆಟ್ಟ ಸುದ್ದಿ ಬಂದರೆ ಏನು ಮಾಡಬೇಕು ಎಂದು ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. ಇಳಿಯುವವರೆಗೆ ತಡೆಯಿರಿ ಎನ್ನುತ್ತದೆ ಪುಸ್ತಕ. ನಾನೂ ಅದನ್ನೇ ಹೇಳುತ್ತೇನೆ. ಅದರ ಜೊತೆಗೆ, ತಡೆಯುವುದಾದರೆ ನಿಮ್ಮ ಎಂದಿನ ದನಿಯಲ್ಲೇ ಮಾತಾಡಿ, ಸಿಡುಕರಾದರೆ ಸಿಡುಕಿ, ಪುಕ್ಕಲರಾದರೆ ಪುಕ್ಕಲರಾಗಿಯೇ ಇರಿ ಎನ್ನುತ್ತೇನೆ. ಅದಾಗದೆ ಅವನಿಗೆ ಅನುಮಾನ ಬಂದುಬಿಟ್ಟರೆ, ಅವನು ಬೇಡವೆಂದರೂ ಹೆಸರು ಹೇಳಿಬಿಡಿ. ನಾನು ಹೇಳಿದ್ದರೆ ಸಣ್ಣಪ್ಪನವರ ಮನೆಯಲ್ಲಿ ಅಂದು ಒಬ್ಬರೇ ಸಾಯುತ್ತಿದ್ದರು.