ಫ್ರಾಕುಗಳನ್ನು ಹೊತ್ತು ಗುಡ್ಡ ಹತ್ತಿದ್ದು

ತಾನಿಲ್ಲದ ಹೊತ್ತಿನಲ್ಲಿ ಕೂಸು ಎದ್ದು, ಹಾಸಿಗೆಯ ಆಚೆ ಬದಿಗೆ ಕೈಯಾಡಿಸಿ, ಅಲ್ಲಿ ಅವ್ವ ಇಲ್ಲವೆಂದು ಗೊತ್ತಾದರೆ? ರೈಲು ಹುಬ್ಬಳ್ಳಿ ಬಿಟ್ಟಾಗಿನಿಂದ ಸೌಂದರ್ಯಾಳ ತಲೆಯಲ್ಲಿ ಇದೊಂದೇ ಗಾಣ ತಿರುಗುತ್ತಿತ್ತು. ಕೂಸು ಎಂದರೆ ಎದೆಹಾಲಿನ ಕೂಸಲ್ಲ. ನಾಲ್ಕು ತುಂಬಿದ, ಎದುರುಮನೆಯ ನಾಯಿಗೆ ಹೆಸರು ಹಿಡಿದು ಬೈಯುವಷ್ಟು ಬಾಯಿ ಬಂದಿರುವ ಮುಕ್ತಾ. ಆದರೆ ಸೌಂದರ್ಯಾಳ ಲೆಕ್ಕದಲ್ಲಿ ಅವಳು ಆಸ್ಪತ್ರೆಯಿಂದ ನಿನ್ನೆಯಷ್ಟೇ ಮನೆಗೆ ಬಂದವಳು.

ಇಂಥ ಹೆಂಗಸು ಚಾರಣಕ್ಕೆ ಹೊರಟದ್ದಾದರೂ ಹೇಗೆ? ವಿದ್ಯಾನಗರದ ಅವರ ಓಣಿಯಲ್ಲಿ ಹುಡುಗ ಹುಡುಗಿಯರದೊಂದು ಬಳಗವಿತ್ತು. ದೈಹಿಕ ಶಿಕ್ಷಣ ಓದುತ್ತಿದ್ದ ಲೋಹಿತ ಅದರ ಮುಂದಾಳು. ಕ್ಯಾಸಲ್‌ರಾಕ್ ಕಡೆಯ ಗುಡ್ಡವೊಂದಕ್ಕೆ ಶನಿವಾರ ಹೋಗಿ ಭಾನುವಾರ ಬರುವುದೆಂದು ಅವರು ಠರಾಯಿಸಿದಾಗ, ಜೊತೆಗೊಬ್ಬ ಲಗ್ನವಾದ ಹೆಣ್ಣುಮಗಳು ಇದ್ದರಷ್ಟೇ ಕಳಿಸುತ್ತೇವೆಂದು ಹುಡುಗಿಯರ ಮನೆಯವರು ಹಟ ಹಿಡಿದರು. ಒಂದೆರಡು ಧೈರ್ಯವಂತೆಯರ ಹೆಸರು ಬಂದವು. ಯಾವ ತಾಯಿಯೂ ಒಪ್ಪಲಿಲ್ಲ. ಸೌಂದರ್ಯಾ ಎಂದದ್ದೇ ತಡ, ಎಲ್ಲರೂ ಹೂಂ ಅಂದರು. ಓಣಿಯಲ್ಲಿ ಯಾರು ಸೀನಿದರೂ ಥರ್ಮಾಮೀಟರ್ ಹಿಡಿದು ಓಡುವವಳು ಜೊತೆಗಿರುವಾಗ ಯಾವ ಹುಡುಗಿ ತಾನೇ ಕಂದಕಕ್ಕೆ ಬಿದ್ದಾಳು?

ಅವಳು ಒಲ್ಲೆನೆಂದಳು. ಒಪ್ಪಿಸಿದವರು ಅತ್ತೆ ಈರವ್ವ. ಅದಕ್ಕೊಂದು ಕಾರಣವಿತ್ತು. ಕೇಶ್ವಾಪುರದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಪ್ರಭಾವತಿ, ಗಣಿತ ಕಲಿಸಲು ಬಾ ಎಂದು ಸೌಂದರ್ಯಾಳನ್ನು ಮೂರನೇ ಸಲ ಕರೆದಿದ್ದರು. ಮೊದಲ ಸಲ ಕೂಸಿಗೆ ನೆಗಡಿಯಾಗಿತ್ತು. ಎರಡನೇ ಸಲ ನೆಗಡಿಯಾಗುವ ಹಾಗಿತ್ತು. ಈ ಸಲ ಭಾನುವಾರದೊಳಗೆ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅವರು ಮುಲಾಜಿಲ್ಲದೆ ಹೇಳಿದ್ದರು. ಕಲಿಸುವ ಆಸೆಯೇನು ಸೌಂದರ್ಯಾಳಿಗೆ ಕಡಿಮೆಯಿರಲಿಲ್ಲ. ರೊಟ್ಟಿ ಹರಿಯುವಾಗಲೂ ಮನಸ್ಸಿನಲ್ಲೇ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಆದರೆ ದಿನಾ ಅಷ್ಟು ಹೊತ್ತು ಕೂಸನ್ನು ಬಿಟ್ಟಿರುವುದೆಂದರೆ?

"ಎರಡು ದಿನ ಬಿಟ್ಟಿದ್ದು ನೋಡು," ಎಂದಿದ್ದರು ಈರವ್ವ. "ಇರಾಕ ಆದ್ರ ನೌಕರಿಗೆ ಹೂಂ ಅನ್ನು. ಆಗಲಿಲ್ಲಂದ್ರ ಆ ಅಕ್ಕೋರಿಗೆ ಇಲ್ಲಂತ ಹೇಳಿಬಿಡು, ಪಾಪ, ಅವರರೆ ಎಷ್ಟು ಸಲ ಕೇಳಬೇಕು. ಮತ್ತ ಅಲ್ಲಿಂದ ಫೋನ್ ಹಚ್ಚಬ್ಯಾಡ. ನಿನ್ನ ದನಿ ಕೇಳಿದ್ರ ಅದು ಅಳತೈತಿ, ಅದು ಅತ್ರ ನೀ ಅಳತಿ, ನೀವಿಬ್ರೂ ಅತ್ರ ನನ್ನ ಮಗ ಆಫೀಸಿಗೆ ರಜಾ ಹಾಕತಾನ."

ಕ್ಯಾಸಲ್‌ರಾಕಿನಲ್ಲಿಳಿದು ಕಾಡುದಾರಿ ಹಿಡಿದ ಮೇಲೆ ಸೌಂದರ್ಯಾಳ ಬಾಯಿಗೆ ಬಿಡುವಿರಲಿಲ್ಲ. ಹಾವಿನ ಬಗ್ಗೆ ಎಚ್ಚರ, ಕರಡಿಯ ಬಗ್ಗೆ ಎಚ್ಚರ, ಬಿಸಿಲಿದ್ದಲ್ಲಿ ಬಿಸಿಲಿನ ಬಗ್ಗೆ, ನೆರಳಿದ್ದಲ್ಲಿ ಥಂಡಿಯ ಬಗ್ಗೆ.

"ಅಕ್ಕಾ," ಎಂದಳು ಬಳಗದ ಹುಡುಗಿ ಸ್ನೇಹಲ್, "ಕರಡಿ ಬಂದ್ರೂ ನಿಮ್ಮ ಸೂಚನಾ ಕೇಳಿ ಅದೂ ಸ್ವೆಟರ್ ಹಾಕ್ಕೊಂಡು ಹೋಗತೈತ್ರಿ."

ಸಂಜೆ ಗುಡ್ಡದ ಬುಡದಲ್ಲಿ ಡೇರೆ ಹಾಕಿದರು. ಮರುದಿನ ಉಳಿದವರು ತುದಿಗೆ ಹೋಗುವಾಗ ತಾನು ಇಲ್ಲೇ ಸಾಮಾನು ಕಾಯುತ್ತ ಕೂರುವುದೆಂದು ಸೌಂದರ್ಯಾ ಆಗಲೇ ಗೊತ್ತುಮಾಡಿಕೊಂಡಿದ್ದಳು. ಚಳಿಯಾಯಿತೆಂದು ಸ್ವೆಟರಿಗಾಗಿ ಚೀಲ ಬಿಚ್ಚಿದಳು. ಮೇಲೊಂದು ಹಳದಿ ಫ್ರಾಕು. ಅದರ ಕೆಳಗೆ ಗುಲಾಬಿ ಫ್ರಾಕು. ಅದರ ಕೆಳಗೆ ಚಡ್ಡಿಗಳು, ಅಂಗೈಯಗಲದ ಬನಿಯನ್ನುಗಳು, ಕೆಮ್ಮಿನ ಔಷಧ, ಮೊಲದ ಕಿವಿಯಿರುವ ಉಣ್ಣೆಯ ಟೊಪ್ಪಿಗೆ. ಅವಳದು ಅಂತ ಒಂದು ಕರವಸ್ತ್ರವೂ ಇರಲಿಲ್ಲ. ನಾಲ್ಕು ವರ್ಷದಿಂದ ಚೀಲವೆಂದರೆ ಕೂಸಿನ ಚೀಲ. ತಲೆ ಕರಡಿಯ ಚಿಂತೆಯಲ್ಲಿದ್ದಾಗ ಕೈಗಳು ರೂಢಿಯಂತೆ ತಮ್ಮ ಕೆಲಸ ಮುಗಿಸಿದ್ದವು. ಅವಳ ಬಟ್ಟೆಯೆಲ್ಲ ಮನೆಯ ಮಂಚದ ಮೇಲೆ ಅಚ್ಚುಕಟ್ಟಾಗಿ ಕುಳಿತಿರಬೇಕು.

ಕಿವಿ ಜುಮುಗುಟ್ಟತೊಡಗಿದಾಗ ಬೇರೆ ದಾರಿಯಿಲ್ಲದೆ ಮೊಲದ ಟೊಪ್ಪಿಗೆಯನ್ನೇ ನೆತ್ತಿಯ ಮೇಲೆ ಕೂರಿಸಿಕೊಂಡಳು. ಅದು ಹುಬ್ಬಿನವರೆಗೂ ಇಳಿಯಲಿಲ್ಲ.

"ಚಂದ ಕಾಣಸ್ತೀರಿ ವೈನಿ," ಎಂದ ಲೋಹಿತ. "ಇಲ್ಲಿನ ಪ್ರಾಣಿಗೋಳಿಗೂ ಬೀಗರು ಬಂದಂಗ ಆಗತೈತಿ."

ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗು ಅರ್ಧಕ್ಕೆ ಬಂದಾಗ ತಟ್ಟನೆ ಹೊಳೆಯಿತು: ಕೂಸಿನ ಒಗೆದ ಬಟ್ಟೆಯೆಲ್ಲ ಇಲ್ಲಿದೆ, ಉಳಿದದ್ದನ್ನು ಬೆಳಿಗ್ಗೆ ತಾನೇ ಬಕೀಟಿನಲ್ಲಿ ನೆನೆಸಿ ಬಂದಿದ್ದಾಳೆ. ಅಂದರೆ ಮನೆಯಲ್ಲಿ ಮುಕ್ತಾಳಿಗೆ ಮೈಮೇಲಿನದು ಬಿಟ್ಟರೆ ಒಂದೆಳೆ ಬಟ್ಟೆಯಿಲ್ಲ. ಫೋನು ತೆಗೆದಳು. ಸಿಗ್ನಲ್ ಇರಲಿಲ್ಲ.

"ಇಲ್ಲಿ ಸಿಗಂಗಿಲ್ರಿ," ಎಂದ ಲೋಹಿತ. "ಸಿಗ್ನಲ್ ಬೇಕಂದ್ರ ತುದೀಗೆ ಬರಬೇಕಾಗತೈತಿ."

ಮರುದಿನ ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಬೂಟು ಕಟ್ಟಿದವಳು ಸೌಂದರ್ಯಾ. ಹುಡುಗರು ಇನ್ನೂ ಆಕಳಿಸುತ್ತಿದ್ದರು, ಅವಳು ಮೊದಲ ಏರನ್ನು ದಾಟಿದ್ದಳು. ಕಲ್ಲು ಜಾರಿದರೆ ಬೇರು ಹಿಡಿದಳು, ಬೇರು ಕಿತ್ತರೆ ಕಲ್ಲು ತಬ್ಬಿದಳು. ಹುಡುಗಿಯರನ್ನು ಕಾಯಲು ಬಂದವಳು ಹುಡುಗಿಯರನ್ನೇ ಹಿಂದೆ ಬಿಟ್ಟಳು. ಕೆಳಗೆ ನೋಡಬೇಡಿ ಎಂದು ಬೇರೆಯವರಿಗೆ ಹೇಳಬೇಕಾದ ಜಾಗದಲ್ಲಿ, ಕೆಳಗೊಂದು ಕಂದಕವಿದೆಯೆಂಬುದೇ ಅವಳಿಗೆ ತಿಳಿಯಲಿಲ್ಲ. ಕಣ್ಣೆಲ್ಲ ಫೋನಿನ ಮೂಲೆಯಲ್ಲಿತ್ತು.

"ಸಾವಕಾಶ್ರಿ ವೈನಿ," ಎಂದು ಲೋಹಿತ ಹಿಂದಿನಿಂದ ಏದುಸಿರಿನಲ್ಲಿ ಕೂಗಿದ. "ನಿಮ್ಮನ್ನ ಯಾವ ಕರಡಿ ಬೆನ್ನ ಹತ್ತೇತಿ?"

ತುದಿಯ ಬಂಡೆಯ ಮೇಲೆ ಕಾಲಿಟ್ಟಾಗ ಫೋನು ಟಿಣ್ ಎಂದಿತು. ಗಂಡ ಅಮರೇಶ ಹಿಂದಿನ ಸಂಜೆಯೇ ಕಳಿಸಿದ ವಿಡಿಯೋ. ಪಡಸಾಲೆಯಲ್ಲಿ ಮುಕ್ತಾ ಕೂತಿದ್ದಾಳೆ. ಮೈಮೇಲೆ ಅಮರೇಶನ ಬನಿಯನ್, ಪಾದದವರೆಗೂ ಇಳಿದಿದೆ, ನಡುವಿಗೆ ಈರವ್ವ ಹಳೆಯ ಸೀರೆಯ ಅಂಚು ಹರಿದು ಬಿಗಿದಿದ್ದಾರೆ. ಕೈಯಲ್ಲಿ ಶೇಂಗಾ ಚಟ್ನಿ ಹಚ್ಚಿದ ಕಟಕ ರೊಟ್ಟಿ.

"ನಿಮ್ಮವ್ವ ಎಲ್ಲಾ ಅರಿವಿ ಕಟಗೊಂಡು ಗುಡ್ಡಕ್ಕ ಹೋಗ್ಯಾಳ," ಎನ್ನುವ ಈರವ್ವನ ದನಿ. "ಅವ್ವ ಬೇಕೇನು ನಿನಗ?"

ಮುಕ್ತಾ ರೊಟ್ಟಿಯಿಂದ ಕಣ್ಣೆತ್ತಲಿಲ್ಲ. "ನಾಳೆ ಬರಲಿ," ಎಂದಳು.

ಸೌಂದರ್ಯಾ ಮತ್ತೊಮ್ಮೆ ನೋಡಿದಳು. ಕಣ್ಣಂಚಿನಲ್ಲಿ ಒಂದು ಹನಿಯಾದರೂ ಇರಬಹುದೆಂದು ಚಿತ್ರವನ್ನು ಹಿಗ್ಗಿಸಿ ಹುಡುಕಿದಳು. ಗಲ್ಲದ ಮೇಲೆ ಚಟ್ನಿಯಿತ್ತು, ಅಷ್ಟೆ. ನೆಮ್ಮದಿಯಾಯಿತು; ಅದರ ಹಿಂದೆಯೇ ತುಸು ಅವಮಾನವೂ ಆಯಿತು. ನಾಲ್ಕು ವರ್ಷ ಅವಳು ಯಾರನ್ನು ಬಿಟ್ಟಿರಲಾರೆ ಎಂದು ಎದೆ ಬಡಿದುಕೊಂಡಿದ್ದಳೋ, ಆ ಕೂಸು ಒಂದು ರೊಟ್ಟಿ ಸಿಕ್ಕರೆ ಸಾಕೆಂದು ಅವಳನ್ನು ಸಲೀಸಾಗಿ ಬಿಟ್ಟಿತ್ತು.

ಬೆರಳು ಮನೆಯ ನಂಬರಿಗೆ ಹೋಯಿತು. ಹೋಗಿ ನಿಂತಿತು. ಕೇಳುವುದೇನು? ಮೈ ಮುಚ್ಚಿದೆ, ಹೊಟ್ಟೆ ತುಂಬಿದೆ. ಲೋಹಿತ ಮತ್ತು ಸ್ನೇಹಲ್ ಮೇಲೆ ಬಂದು ಬಂಡೆಯ ಮೇಲೆ ಮಕಾಡೆ ಬಿದ್ದರು. ಅವಳು ಅವರಿಗೆ ನೀರು ಕುಡಿಯಿರಿ ಎಂದೂ ಹೇಳಲಿಲ್ಲ. ಬೇರೊಂದು ನಂಬರು ಒತ್ತಿದಳು.

"ಹೇಳ್ರಿ ಸೌಂದರ್ಯಾ," ಎಂದರು ಪ್ರಭಾವತಿ. ಕೇಳಿ ಕೇಳಿ ದಣಿದ ದನಿ. "ಈ ಸಲ ಕೂಸಿಗೆ ಏನಾಗೇತಿ?"

"ಏನೂ ಆಗಿಲ್ರಿ. ನಾ ಸೋಮವಾರದಿಂದ ಬರ್ತೇನ್ರಿ."

"ಗಾಳಿ ಸಪ್ಪಳ ಭಾಳ ಬರಾಕತ್ತೈತಿ. ಎಲ್ಲಿದ್ದೀರಿ?"

"ಗುಡ್ಡದ ಮ್ಯಾಲ ಅದೀನ್ರಿ."

"ಕೂಸು?"

"ಮನ್ಯಾಗ ಐತ್ರಿ," ಎಂದಳು ಸೌಂದರ್ಯಾ.